ಫಿಲಿಪ್ ಕೇಳಿದ ಒಂದು ಪ್ರಶ್ನೆ

ಶಾಲೆಯ ಮಧ್ಯಾಹ್ನದ ಬಿಡುವು. ದೇವದುರ್ಗ ತಾಲ್ಲೂಕಿನ ಅನೇಕ ಊರುಗಳಲ್ಲಿ ಈ ಹೊತ್ತಿಗೆ ಕಾಣುವ ನೋಟ ಹೆಚ್ಚುಕಡಿಮೆ ಒಂದೇ. ಬಿಸಿಯೂಟ ಮುಗಿಸಿ ತಟ್ಟೆ ತೊಳೆದಿಟ್ಟ ಹುಡುಗರು ಬಯಲಿಗೆ ಓಡುತ್ತಾರೆ. ಖೊಖೊ, ಕಬಡ್ಡಿ, ಇಲ್ಲವೇ ಕ್ರಿಕೆಟ್ಟು. ಬೇವಿನ ಮರದ ಕಟ್ಟೆಯ ಮೇಲೆ ಒಬ್ಬ ಹುಡುಗ ಮಾತ್ರ ಕುಳಿತಿರುತ್ತಾನೆ. ಉಳಿದವರ ಚಪ್ಪಲಿ ಕಾಯುವುದು, ಲೆಕ್ಕ ಬರೆಯುವುದು ಅವನ ಕೆಲಸ. ಅವನ ಕಾಲು ಸಣ್ಣದು, ಅಥವಾ ಬೆನ್ನು ಬಾಗಿದೆ, ಅಥವಾ ಕಣ್ಣು ಮಂಜು. ‘ಪಾಪ, ಅವನ ಕೈಲೆ ಏನಾಗ್ತದ, ಕುಂದ್ರಲಿ ಬಿಡ್ರಿ’ ಎನ್ನುತ್ತಾರೆ ದೊಡ್ಡವರು. ಆ ಮಾತಿನಲ್ಲಿ ಕೆಡುಕಿಲ್ಲ, ಕನಿಕರವೇ ಇದೆ. ಆದರೆ ಆ ಕನಿಕರ ಕಿವಿಗೆ ಬಿದ್ದಾಗ ಹುಡುಗನಿಗೆ ಹೇಗಾಗುತ್ತದೆ ಎಂದು ಕೇಳುವವರು ಕಡಿಮೆ.

ಇದನ್ನು ನೂರಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಒಬ್ಬ ಲೇಖಕಿ ಕೇಳಿದ್ದಳು. ಆಕೆಯ ಹೆಸರು ಮೇರಿ ಆನ್ ಇವಾನ್ಸ್. 1819ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ 1880ರಲ್ಲಿ ತೀರಿಕೊಂಡ ಈಕೆ ಜಾರ್ಜ್ ಎಲಿಯಟ್ ಎಂಬ ಗಂಡು ಹೆಸರಿನಲ್ಲಿ ಕಾದಂಬರಿಗಳನ್ನು ಬರೆದಳು. 1860ರಲ್ಲಿ ಪ್ರಕಟವಾದ ‘ದಿ ಮಿಲ್ ಆನ್ ದಿ ಫ್ಲಾಸ್’ ಕಾದಂಬರಿಯಲ್ಲಿ ಫಿಲಿಪ್ ವೇಕಮ್ ಎಂಬ ಗೂನುಬೆನ್ನಿನ ಹುಡುಗನೊಬ್ಬ ಬರುತ್ತಾನೆ. ಕಾದಂಬರಿಯ ನಾಯಕ ಅವನಲ್ಲ. ಆದರೂ ಪುಸ್ತಕ ಮುಚ್ಚಿದ ಮೇಲೆ ಬಹುಕಾಲ ಮನಸ್ಸಿನಲ್ಲಿ ಉಳಿಯುವವನು ಅವನು.

ನೀರಿನ ಜಗಳ, ಮಕ್ಕಳ ಹಗೆ

ಕಥೆಯ ಬೇರು ಇರುವುದು ಒಂದು ನೀರಿನ ವ್ಯಾಜ್ಯದಲ್ಲಿ. ಫ್ಲಾಸ್ ಎಂಬ ನದಿಯ ಆಸುಪಾಸಿನಲ್ಲಿ ಟಲಿವರ್ ಎಂಬಾತನ ನೀರುಗಿರಣಿ ಇದೆ. ಮೇಲ್ಭಾಗದ ರೈತನೊಬ್ಬ ತನ್ನ ಹೊಲಕ್ಕೆ ನೀರು ತಿರುಗಿಸಿಕೊಳ್ಳಲು ಹೊರಟಾಗ, ಗಿರಣಿಗೆ ನೀರು ಕಡಿಮೆಯಾಗುತ್ತದೆಂದು ಟಲಿವರ್ ಕೋರ್ಟಿಗೆ ಹೋಗುತ್ತಾನೆ. ಎದುರು ಪಕ್ಷದ ವಕೀಲ ವೇಕಮ್. ದಾವೆಯಲ್ಲಿ ಟಲಿವರ್ ಸೋತು ಮನೆಮಾರು ಹರಾಜಿಗೆ ಬರುತ್ತದೆ. ಕೊನೆಗೆ ಗಿರಣಿಯೂ ವಕೀಲನ ಕೈ ಸೇರಿ, ಯಜಮಾನನಾಗಿದ್ದವನು ಅದೇ ಗಿರಣಿಯಲ್ಲಿ ಆಳಾಗಿ ದುಡಿಯಬೇಕಾಗುತ್ತದೆ.

ರಾಯಚೂರು ಜಿಲ್ಲೆಯ ಮಕ್ಕಳಿಗೆ ಈ ಭಾಗವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾರಾಯಣಪುರ ಬಲದಂಡೆ ಕಾಲುವೆಯ ದೇವದುರ್ಗದಲ್ಲಾಗಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿಯಲ್ಲಾಗಲಿ ಮೇಲ್ಭಾಗದವರು ನೀರು ಎಳೆದುಕೊಂಡರೆ ಕೊನೆಭಾಗದ ಹೊಲ ಏನಾಗುತ್ತದೆ ಎಂಬುದು ಮನೆಯಲ್ಲಿ ದಿನವೂ ಕೇಳುವ ಮಾತು. ನೀರಿನ ಜಗಳ ಹಿರಿಯರಲ್ಲಿ ಶುರುವಾಗಿ ಮಕ್ಕಳ ಮನಸ್ಸಿಗೆ ಹೇಗೆ ಇಳಿಯುತ್ತದೆ ಎಂಬುದೂ ಹಳ್ಳಿಯವರಿಗೆ ಗೊತ್ತು. ಕಾದಂಬರಿಯಲ್ಲಿ ಆಗುವುದೂ ಅದೇ. ಟಲಿವರನ ಮಗ ಟಾಮ್ ಓದಲು ಹೋದ ಪಾದ್ರಿಯ ಮನೆಯ ಶಾಲೆಗೇ ವಕೀಲ ವೇಕಮನ ಮಗ ಫಿಲಿಪ್ ಕೂಡ ಬಂದು ಸೇರುತ್ತಾನೆ. ವಕೀಲನ ಮಗ ಎಂಬುದು ಒಂದು ತಪ್ಪು, ಗೂನುಬೆನ್ನು ಎಂಬುದು ಎರಡನೆಯ ತಪ್ಪು. ಟಾಮನ ಲೆಕ್ಕದಲ್ಲಿ ಎರಡೂ ಒಂದೇ ಗಂಟು. ಅಪ್ಪ ಕೆಟ್ಟವನಾದ್ದರಿಂದ ಮಗನ ಬೆನ್ನು ಬಾಗಿದೆ ಎಂಬಂಥ ಭಾವನೆ ಅವನ ಮನಸ್ಸಿನಲ್ಲಿದೆ. ಫಿಲಿಪನ ಗೂನು ಹುಟ್ಟಿನಿಂದ ಬಂದದ್ದಲ್ಲ, ಎಳವೆಯಲ್ಲಿ ಆದ ಅಪಘಾತದಿಂದ ಬಂದದ್ದು ಎಂದು ಲೇಖಕಿ ಸ್ಪಷ್ಟವಾಗಿ ತಿಳಿಸುತ್ತಾಳೆ. ಆದರೆ ಅಂಥ ವ್ಯತ್ಯಾಸಗಳೆಲ್ಲ ಟಾಮನಿಗೆ ಎಲ್ಲಿ ತಿಳಿಯಬೇಕು?

‘ಯಾವ ಜನ್ಮದ ಪಾಪವೋ’ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ದೂರದ ಇಂಗ್ಲೆಂಡಿನ ಹುಡುಗನ ತಲೆಯಲ್ಲೂ ಅದೇ ಗಿಡದ ಬೀಜ ಇತ್ತು.

ಕತ್ತಿ ಬಿದ್ದ ಕಾಲು

ಫಿಲಿಪ್ ಚಿತ್ರ ಬರೆಯುತ್ತಾನೆ, ಪಿಯಾನೊ ನುಡಿಸುತ್ತಾನೆ, ಲ್ಯಾಟಿನ್ ಗ್ರೀಕ್ ಬಲ್ಲವನು. ಗ್ರೀಕ್ ವೀರರ ಕಥೆಗಳನ್ನು ಹೇಳಲು ಕುಳಿತರೆ ಪಾಠದಲ್ಲಿ ಹಿಂದುಳಿದ ಟಾಮನೂ ಬಾಯಿ ಬಿಟ್ಟುಕೊಂಡು ಕೇಳುತ್ತಾನೆ. ಹೀಗೆ ಅರೆಬರೆ ಸ್ನೇಹವೊಂದು ಬೆಳೆಯುತ್ತದೆ. ಒಂದು ದಿನ ಕವಾಯತು ಕಲಿಸುವ ಹಳೆಯ ಸಿಪಾಯಿ ಬಂದಿದ್ದಾನೆಂದು ಟಾಮ್ ಓಡಿ ಬಂದು, ಪಿಯಾನೊ ಮುಂದೆ ಮೈಮರೆತಿದ್ದ ಫಿಲಿಪನನ್ನು ಕರೆಯುತ್ತಾನೆ. ಕವಾಯತು ಮಾಡಲಾಗದವನಿಗೆ ಆ ಕರೆ ಚುಚ್ಚುತ್ತದೆ. ಫಿಲಿಪ್ ಸಿಟ್ಟಿನಿಂದ ಟಾಮನನ್ನು ದಡ್ಡನೆಂದು ಬೈಯುತ್ತಾನೆ, ಟಾಮ್ ತಿರುಗಿ ಅವನ ಅಪ್ಪನನ್ನು ಹಿಡಿದು ಆಡುತ್ತಾನೆ. ಟಾಮ್ ಹೊರಟುಹೋದ ಮೇಲೆ ಫಿಲಿಪ್ ಅಳುತ್ತಾನೆ.

ಇಲ್ಲಿ ಎಲಿಯಟ್ ಪಕ್ಷಪಾತ ಮಾಡುವುದಿಲ್ಲ. ಮೊದಲು ಕಠಿಣ ಮಾತಾಡಿದವನು ಫಿಲಿಪನೇ. ಅವನಿಗೆ ಮುಂಗೋಪ ಇದೆ, ಒಳಗೊಳಗೇ ಕೊರಗುವ ಸ್ವಭಾವ ಇದೆ, ದೊಡ್ಡವನಾದ ಮೇಲೆ ಅಸೂಯೆಯೂ ಇದೆ. ಅಂಗವೈಕಲ್ಯ ಇದ್ದವರು ಅದಕ್ಕೆ ಪರಿಹಾರವಾಗಿ ವಿಶೇಷ ಸದ್ಗುಣ ಹೊಂದಿರುತ್ತಾರೆ ಎಂಬ ನಂಬಿಕೆಯನ್ನು ಲೇಖಕಿ ಒಪ್ಪುವುದಿಲ್ಲ.

ಸ್ವಲ್ಪ ದಿನಕ್ಕೆ ಟಾಮ್ ಆ ಸಿಪಾಯಿಯ ಕತ್ತಿಯನ್ನು ಗುಟ್ಟಾಗಿ ಎರವಲು ತರುತ್ತಾನೆ. ಶಾಲೆಗೆ ಬಂದಿದ್ದ ತಂಗಿ ಮ್ಯಾಗಿಯ ಮುಂದೆ ವೀರನಂತೆ ವೇಷ ಹಾಕಿ ಝಳಪಿಸುವಾಗ ಕತ್ತಿ ಜಾರಿ ಅವನ ಪಾದದ ಮೇಲೆ ಬೀಳುತ್ತದೆ. ವೈದ್ಯ ಬಂದು ಕಟ್ಟು ಕಟ್ಟಿ ಹೋಗುತ್ತಾನೆ. ಟಾಮ್ ಹಾಸಿಗೆಯಲ್ಲಿ ಮಲಗಿರುತ್ತಾನೆ. ಅವನ ಎದೆಯಲ್ಲಿ ಒಂದೇ ಭಯ: ಇನ್ನು ಜನ್ಮಪೂರ್ತಿ ಕುಂಟನಾಗಿಬಿಡುತ್ತೇನೆಯೇ? ಕೇಳಲು ಧೈರ್ಯವಿಲ್ಲ. ‘ಹೌದು’ ಎಂಬ ಉತ್ತರ ಬಂದರೆ? ವೈದ್ಯನಿಗಾಗಲಿ ಮಾಸ್ತರನಿಗಾಗಲಿ ಈ ಹುಡುಗನ ಒಳಗಿನ ಭಯ ಹೊಳೆಯುವುದಿಲ್ಲ.

ಹೊಳೆದದ್ದು ಒಬ್ಬನಿಗೆ ಮಾತ್ರ. ಜಗಳವಾಡಿ ಮಾತು ಬಿಟ್ಟಿದ್ದ ಫಿಲಿಪನಿಗೆ. ಅವನು ಮಾಸ್ತರನ ಬಳಿ ಹೋಗಿ, ಟಾಮ್ ಕುಂಟನಾಗುತ್ತಾನೆಂದು ವೈದ್ಯರು ಹೇಳಿದರೇ ಎಂದು ಕೇಳುತ್ತಾನೆ. ಇಲ್ಲ, ಕೆಲವು ದಿನ ಕುಂಟಬೇಕಾದೀತು ಅಷ್ಟೇ ಎಂಬ ಉತ್ತರ ಬರುತ್ತದೆ. ಅದನ್ನು ಟಾಮನಿಗೆ ಯಾರಾದರೂ ಹೇಳಿದ್ದಾರೆಯೇ ಎಂದು ಮತ್ತೆ ಕೇಳುತ್ತಾನೆ. ಯಾರೂ ಹೇಳಿಲ್ಲ. ಹಾಗಾದರೆ ತಾನೇ ಹೋಗಿ ಹೇಳಬಹುದೇ ಎಂದು ಅಪ್ಪಣೆ ಪಡೆದು ನೇರ ಟಾಮನ ಹಾಸಿಗೆಯ ಬಳಿಗೆ ಹೋಗುತ್ತಾನೆ.

ಇಡೀ ಕಾದಂಬರಿಯಲ್ಲಿ ಇದಕ್ಕಿಂತ ದೊಡ್ಡ ಘಟನೆಗಳಿವೆ. ಆದರೆ ಫಿಲಿಪ್ ಎಂಥವನೆಂದು ತಿಳಿಯಲು ಈ ಪುಟ್ಟ ಘಟನೆ ಸಾಕು. ತಾನು ದಿನವೂ ಹೊತ್ತು ನಡೆಯುವ ಭಾರ ಇನ್ನೊಬ್ಬನ ಮೇಲೆ ಬೀಳಬಾರದು ಎಂದು ಅವನಿಗನ್ನಿಸುತ್ತದೆ. ‘ಈಗ ಗೊತ್ತಾಯಿತೇ ನನ್ನ ಕಷ್ಟ’ ಎಂದು ಒಳಗೊಳಗೇ ನಗುವ ಅವಕಾಶ ಅವನಿಗಿತ್ತು. ಅವನು ನಗಲಿಲ್ಲ. ಆಮೇಲೆ ದಿನವೂ ಹಾಸಿಗೆಯ ಬಳಿ ಕುಳಿತು ಕಥೆ ಹೇಳುತ್ತಾನೆ. ಕಾಲಿನ ಗಾಯ ಮಾಗದೆ ನೋವಿನಿಂದ ಕೂಗುತ್ತಿದ್ದ ಗ್ರೀಕ್ ವೀರ ಫಿಲೊಕ್ಟಿಟಿಸ್‌ನನ್ನು ಅವನ ಗೆಳೆಯರೇ ನಿರ್ಜನ ದ್ವೀಪದಲ್ಲಿ ಬಿಟ್ಟುಹೋದ ಕಥೆ ಅವುಗಳಲ್ಲೊಂದು. ತಾನಾದರೋ ಕೂಗಲಿಲ್ಲ ಎಂದು ಟಾಮ್ ಹೆಮ್ಮೆಪಡುತ್ತಾನೆ. ಕೈಬಿಟ್ಟ ಗೆಳೆಯರ ಬಗ್ಗೆ ಅವನು ಯೋಚಿಸುವುದಿಲ್ಲ.

ಕಾಲು ವಾಸಿಯಾಗುತ್ತಲೇ ಟಾಮ್ ಮೊದಲಿನಂತಾದ. ಒಂದು ಒಳ್ಳೆಯ ಕೆಲಸದಿಂದ ಎಲ್ಲರ ಮನಸ್ಸು ಬದಲಾಗಿಬಿಡುತ್ತದೆ ಎಂಬ ಸುಳ್ಳು ಸಮಾಧಾನವನ್ನು ಎಲಿಯಟ್ ಕೊಡುವುದಿಲ್ಲ.

ಮರುಕವೂ ಚುಚ್ಚುತ್ತದೆ

ಟಾಮನ ತಂಗಿ ಮ್ಯಾಗಿ ಬೇರೆ ಬಗೆಯವಳು. ಕತ್ತು ಸೊಟ್ಟಗಿರುವ ಕುರಿಮರಿಯನ್ನೇ ಹೆಚ್ಚು ಮುದ್ದಿಸುವವಳು. ಒಂದು ದಿನ ಫಿಲಿಪ್ ಅವಳನ್ನು ಕೇಳುತ್ತಾನೆ: ತನ್ನಂಥ ಅಣ್ಣ ಇದ್ದಿದ್ದರೆ ಟಾಮನಷ್ಟೇ ಪ್ರೀತಿ ಅವನ ಮೇಲೂ ಇರುತ್ತಿತ್ತೇ? ಇರುತ್ತಿತ್ತು ಎನ್ನುತ್ತಾಳೆ ಹುಡುಗಿ. ಅಷ್ಟಕ್ಕೇ ನಿಲ್ಲದೆ, ಅವನಿಗಾಗಿ ತುಂಬಾ ಮರುಗುತ್ತಿದ್ದೆ ಎಂದೂ ಸೇರಿಸುತ್ತಾಳೆ. ಫಿಲಿಪನ ಮುಖ ಕೆಂಪಾಗುತ್ತದೆ. ಗೂನಿದ್ದರೂ ಪ್ರೀತಿಸುವೆಯಾ ಎಂಬುದೇ ಅವನ ಪ್ರಶ್ನೆಯ ಒಳಗುಟ್ಟು. ಆದರೆ ಅದೇ ಗೂನಿನ ಮಾತು ಅವಳ ಬಾಯಿಂದ ಬಂದಾಗ ಅವನು ಮುದುಡುತ್ತಾನೆ. ಎಳೆಯ ಮ್ಯಾಗಿಗೂ ತಪ್ಪಾಯಿತೆಂದು ಥಟ್ಟನೆ ಹೊಳೆದು, ಮಾತನ್ನು ಅವನ ಹಾಡಿನ ಕಡೆಗೆ, ಜಾಣತನದ ಕಡೆಗೆ ಹೊರಳಿಸುತ್ತಾಳೆ.

ತಂದೆತಾಯಿಗಳು ಈ ಪುಟವನ್ನು ಎರಡು ಸಲ ಓದಬೇಕು. ನಿಂದೆ ಮಾತ್ರ ನೋಯಿಸುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಮನೆಗೆ ಬಂದ ನೆಂಟರ ಮುಂದೆ ‘ನಮ್ಮ ಹುಡುಗಿದು ಇದೊಂದೇ ಚಿಂತಿ ನೋಡ್ರಿ’ ಎಂದು ತಾಯಿ ಕಣ್ಣೀರು ಒರೆಸಿಕೊಂಡಾಗ, ಒಳಗೆ ಪುಸ್ತಕ ಹಿಡಿದು ಕುಳಿತ ಮಗಳ ಮುಖ ಬಾಡುತ್ತದೆ. ಅವಳು ಅಷ್ಟು ಹೊತ್ತು ಲೆಕ್ಕ ಬಿಡಿಸುತ್ತಿದ್ದಳು, ತನ್ನ ಕಾಲಿನ ನೆನಪೂ ಅವಳಿಗೆ ಇರಲಿಲ್ಲ. ನೆನಪು ಮಾಡಿಕೊಟ್ಟವರು ಹೆತ್ತವರೇ.

ದೊಡ್ಡವನಾದ ಮೇಲೆ ಫಿಲಿಪ್ ಮ್ಯಾಗಿಯನ್ನು ಪ್ರೀತಿಸುತ್ತಾನೆ. ಮನೆತನಗಳ ಹಗೆಯಿಂದಾಗಿ ಕದ್ದು ಭೇಟಿಯಾಗಬೇಕು. ಬಡತನದಲ್ಲಿ ಬೆಂದು ಓದು, ಸಂಗೀತ, ಆಸೆ ಎಲ್ಲವನ್ನೂ ತೊರೆದುಬಿಡಲು ಹೊರಟ ಅವಳಿಗೆ ಅವನು ಪುಸ್ತಕ ತಂದುಕೊಡುತ್ತಾನೆ. ಮನಸ್ಸನ್ನು ಮರಗಟ್ಟಿಸಿಕೊಳ್ಳುವುದು ವೈರಾಗ್ಯವಲ್ಲ ಎಂದು ವಾದಿಸುತ್ತಾನೆ. ಟಾಮನಿಗೆ ಇದು ತಿಳಿದಾಗ ಫಿಲಿಪನ ಎದುರೇ ಅವನ ಬೆನ್ನನ್ನು ಹಿಡಿದು ಹೀನಾಯವಾಗಿ ಆಡುತ್ತಾನೆ. ಮನೆತನದ ಮಾನ ಕಾಯುವ ಅಣ್ಣನ ಈ ಬಿರುಸು ನಮ್ಮ ಊರುಗಳಿಗೂ ಹೊಸದಲ್ಲ.

ಮುದ್ದಿನ ತಂದೆ

ಫಿಲಿಪನ ತಂದೆ ವಕೀಲ ವೇಕಮ್ ಊರಿಗೆ ಕಠಿಣ, ಮಗನಿಗೆ ಮೃದು. ತಾಯಿಯಿಲ್ಲದ ಮಗ ಕೇಳಿದ್ದನ್ನೆಲ್ಲ ಕೊಡಿಸುತ್ತಾನೆ. ಆದರೆ ಮಗನಿಗೂ ಮದುವೆಯ ಆಸೆ ಇರಬಹುದೆಂದು ಅವನಿಗೆ ಹೊಳೆದಿರುವುದೇ ಇಲ್ಲ. ಫಿಲಿಪ್ ಧೈರ್ಯ ಮಾಡಿ ಮ್ಯಾಗಿಯ ವಿಷಯ ಹೇಳಿದಾಗ ತಂದೆ ಸಿಡಿಯುತ್ತಾನೆ. ಇಷ್ಟೆಲ್ಲ ಮುದ್ದು ಮಾಡಿದ್ದಕ್ಕೆ ಇದೇ ಪ್ರತಿಫಲವೇ ಎನ್ನುತ್ತಾನೆ.

ಮಗನ ಉತ್ತರದ ಸಾರ ಇಷ್ಟು: ತಂದೆ ತೋರಿದ ಪ್ರೀತಿ, ತನ್ನ ಪಾಲಿಗೆ ಬಂದ ಬಾಳಿನಲ್ಲಿ ಆದಷ್ಟು ಸುಖ ಸಿಗಲೆಂದು ಮಾಡಿದ್ದು ಎಂದು ನಂಬಿದ್ದೆ, ತೀರಿಸಬೇಕಾದ ಸಾಲ ಎಂದುಕೊಂಡಿರಲಿಲ್ಲ. ತಂದೆ ಬಾಗಿಲು ಹಾಕಿಕೊಂಡು ಹೊರಟುಹೋಗುತ್ತಾನೆ. ಮನಸ್ಸು ತಣ್ಣಗಾದ ಮೇಲೆ ಹಿಂದಿರುಗಿ ಬರುತ್ತಾನೆ, ಒಪ್ಪುತ್ತಾನೆ. ಕೊನೆಗೆ ಗಿರಣಿಯನ್ನೂ ಬಿಟ್ಟುಕೊಡಲು ಸಿದ್ಧನಾಗುತ್ತಾನೆ. ಅಂಗವೈಕಲ್ಯ ಇರುವ ಮಕ್ಕಳಿಗೆ ಔಷಧ, ಅನ್ನ, ಬಟ್ಟೆ ಎಲ್ಲ ಕೊಟ್ಟು, ‘ನಿನಗೇನು ಬೇಕು’ ಎಂಬ ಒಂದು ಪ್ರಶ್ನೆ ಕೇಳಲು ಮರೆಯುವ ತಂದೆಯರಿಗೆ ವೇಕಮ್ ಒಂದು ಕನ್ನಡಿ. ತಡವಾಗಿಯಾದರೂ ತಿದ್ದಿಕೊಂಡದ್ದು ಅವನ ದೊಡ್ಡತನ.

ಆ ಮದುವೆ ನಡೆಯುವುದಿಲ್ಲ. ಮ್ಯಾಗಿಯ ಮನಸ್ಸು ಬೇರೆಡೆಗೆ ಹರಿದು, ಅವಳು ಊರಿನವರ ಅಪವಾದಕ್ಕೆ ಗುರಿಯಾಗುತ್ತಾಳೆ. ಟಾಮ್ ಅವಳನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಆಗ ಅವಳಲ್ಲಿ ನಂಬಿಕೆ ಇದೆ ಎಂದು ಪತ್ರ ಬರೆಯುವವನು, ಎಲ್ಲರಿಗಿಂತ ಹೆಚ್ಚು ನೋವುಂಡ ಫಿಲಿಪ್. ಕಡೆಗೆ ನದಿಗೆ ಮಹಾಪೂರ ಬಂದು ಅಣ್ಣತಂಗಿ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಮುಳುಗುತ್ತಾರೆ. ಫಿಲಿಪ್ ಉಳಿಯುತ್ತಾನೆ, ಒಂಟಿಯಾಗಿ.

ಹಳೆಯ ಅಚ್ಚುಗಳು

ಫಿಲಿಪನಂಥ ಪಾತ್ರ ಏಕೆ ಮುಖ್ಯ ಎಂದು ತಿಳಿಯಲು ಉಳಿದ ಕಥೆಗಳತ್ತ ನೋಡಬೇಕು. ಗೂನು, ಕುಂಟು, ಕುರುಡು ಪಾತ್ರಗಳನ್ನು ಕಥೆಗಾರರು ಬಹುಕಾಲ ಮೂರು ಅಚ್ಚುಗಳಲ್ಲಿ ಎರಕ ಹೊಯ್ದಿದ್ದಾರೆ. ಒಂದು, ಮೈಯಂತೆ ಮನಸ್ಸೂ ವಕ್ರ ಎಂಬ ಅಚ್ಚು. ರಾಮನನ್ನು ಕಾಡಿಗೆ ಕಳಿಸಿದ ಮಂಥರೆ ಜನರ ಬಾಯಲ್ಲಿ ಉಳಿದದ್ದು ಹಾಗೆ. ಎರಡು, ಪವಾಡದಿಂದ ನೆಟ್ಟಗಾಗುವ ಅಚ್ಚು. ಮಥುರೆಯಲ್ಲಿ ಕೃಷ್ಣನ ಸ್ಪರ್ಶದಿಂದ ಕುಬ್ಜೆಯ ಗೂನು ಹೋದದ್ದು ಎಲ್ಲರೂ ಬಲ್ಲ ಕಥೆ. ಮೂರು, ಕಣ್ಣೀರು ತರಿಸುವ ದೇವತೆಯ ಅಚ್ಚು. ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದ ‘ಎ ಕ್ರಿಸ್‌ಮಸ್ ಕ್ಯಾರಲ್’ನ ಊರುಗೋಲಿನ ಬಾಲಕ ಟೈನಿ ಟಿಮ್ ಅಂಥವನು. ಫಿಲಿಪ್ ಈ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಅವನು ಕೆಟ್ಟವನಲ್ಲ, ದೇವತೆಯಲ್ಲ, ಅವನ ಬೆನ್ನು ಕೊನೆಯವರೆಗೂ ನೆಟ್ಟಗಾಗುವುದಿಲ್ಲ. ಅವನೊಬ್ಬ ಮನುಷ್ಯ.

ಕನ್ನಡದಲ್ಲಿ ಇಂಥ ಕೆಲಸ ಮಾಡಿದವರು ಕುವೆಂಪು. 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಮಂಥರೆಯ ಸಂಚಿಕೆಗೆ ಅವರು ಇಟ್ಟ ಹೆಸರು ‘ಮಮತೆಯ ಸುಳಿ ಮಂಥರೆ’. ಭರತನ ಮೇಲಿನ ಕುರುಡು ಮಮತೆಯೇ ಅವಳನ್ನು ಸುಳಿಗೆ ಎಳೆಯಿತು, ಗೂನಲ್ಲ. ಗೂನನ್ನು ನೋಡಿ ಲೋಕ ತಿರಸ್ಕರಿಸಿದವಳಿಗೆ ಆ ಮಗುವೊಂದೇ ಆಸರೆ. ಎಂಟು ಕಡೆ ಬಾಗಿದ ದೇಹದ ಅಷ್ಟಾವಕ್ರ ಜನಕನ ಆಸ್ಥಾನದಲ್ಲಿ ನಕ್ಕವರನ್ನು ವಿದ್ಯೆಯಿಂದ ಸುಮ್ಮನಾಗಿಸಿದ ಕಥೆಯೂ ಈ ನಾಡಿಗೆ ಹೊಸದಲ್ಲ.

ಇನ್ನೊಂದು ನಂಟು ಕೃಷ್ಣೆಯ ಆಚೆ ದಡದಲ್ಲಿದೆ. ಎಲಿಯಟ್ ಈ ಕಾದಂಬರಿ ಬರೆಯುತ್ತಿದ್ದ ದಿನಗಳಲ್ಲಿ ಸುರಪುರ ಮತ್ತು ರಾಯಚೂರು ದೋಆಬಿನ ಆಡಳಿತ ನೋಡುತ್ತಿದ್ದವನೂ ಒಬ್ಬ ಇಂಗ್ಲಿಷ್ ಕಾದಂಬರಿಕಾರ. 1839ರಲ್ಲಿ ‘ಕನ್ಫೆಷನ್ಸ್ ಆಫ್ ಎ ಥಗ್’ ಬರೆದು ಹೆಸರಾದ ಆತನ ಹೆಸರೂ ಫಿಲಿಪ್, ಫಿಲಿಪ್ ಮೆಡೋಸ್ ಟೇಲರ್. ಅವನ ನೆನಪಿಗೆ ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಅವನು ಭಾರತ ಬಿಟ್ಟದ್ದು 1860ರಲ್ಲಿ, ಈ ಕಾದಂಬರಿ ಪ್ರಕಟವಾದ ವರ್ಷ. ಈ ಸೀಮೆಯನ್ನು ಕಣ್ತುಂಬ ನೋಡಿ ಬರೆದ ಆತನ ದೃಷ್ಟಿ 1875ರಲ್ಲಿ ಕೈಕೊಟ್ಟಿತು. ಮರುವರ್ಷವೇ ತೀರಿಕೊಂಡ. ವೈಕಲ್ಯ ಎಂಬುದು ‘ಅವರ’ ಪಾಡು ಮಾತ್ರವಲ್ಲ, ಯಾರ ಬಾಗಿಲಿಗೂ ಯಾವ ವಯಸ್ಸಿನಲ್ಲೂ ಬರಬಹುದು.

ಕಟ್ಟೆಯಿಂದ ಬಯಲಿಗೆ

ಫಿಲಿಪನಿಗೆ ಇದ್ದದ್ದು ಸಿರಿವಂತ ತಂದೆ, ಇಲ್ಲದ್ದು ಜೊತೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಸ್ವತಃ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಅವರ ಬಳಿಕ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಅಂಧ ಮಕ್ಕಳಿಗೆ ಅನ್ನದ ಜೊತೆಗೆ ವಿದ್ಯೆ ಕೊಟ್ಟರು. ‘ಪಾಪ’ ಎನ್ನುವ ಬದಲು ‘ಸಾ’ ಹಚ್ಚಲು ಕಲಿಸಿದರು. ಆ ಮಕ್ಕಳು ಕಚೇರಿ ಮಾಡಿದರು, ಮಾಸ್ತರರಾದರು.

ಇಂದು ಕಾನೂನೂ ಕನಿಕರದ ಮಾತು ಬಿಟ್ಟು ಹಕ್ಕಿನ ಮಾತು ಆಡುತ್ತದೆ. 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, 2016ರ ಕಾಯ್ದೆಯಲ್ಲಿ 21 ಇವೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡಾ 5 ಸೀಟು, ಸರ್ಕಾರಿ ನೌಕರಿಯಲ್ಲಿ ಕನಿಷ್ಠ ಶೇಕಡಾ 4 ಮೀಸಲಾತಿ ಇದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಅಗತ್ಯವಿದ್ದರೆ ಬರೆದುಕೊಡುವ ಸಹಾಯಕ ಸಿಗುತ್ತಾರೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಗುರುತಿನ ಚೀಟಿಗೆ ಎಲ್ಲಿ ಅರ್ಜಿ ಹಾಕಬೇಕೆಂದು ತಿಳಿಸುತ್ತಾರೆ. ದೇವದುರ್ಗವನ್ನು 2002ರ ನಂಜುಂಡಪ್ಪ ಸಮಿತಿಯ ವರದಿ ಅತಿ ಹಿಂದುಳಿದ 39 ತಾಲ್ಲೂಕುಗಳಲ್ಲಿ ಸೇರಿಸಿತ್ತು. ಇಂಥ ಕಡೆ ವೈಕಲ್ಯ ಇರುವ ಮಗುವಿಗೆ ದಾರಿ ಎರಡು ಪಟ್ಟು ಉದ್ದ. ಆದ್ದರಿಂದ ಅರ್ಜಿ ಹಾಕಲು ತಡಮಾಡಬಾರದು.

ಆದರೆ ಕಾನೂನು ಆಡಿಸಲಾರದ ಒಂದು ಆಟ ಇದೆ. ಅದನ್ನು ಹುಡುಗರೇ ಆಡಬೇಕು. ಸರ್ಕಾರ ಅಂಗವಿಕಲ ಎಂಬ ಮಾತು ಬಿಟ್ಟು ವಿಕಲಚೇತನ ಎಂದಿತು. ತರಗತಿಯಲ್ಲಿ ಮಾತ್ರ ಹಳೆಯ ಅಡ್ಡಹೆಸರುಗಳೇ ಓಡಾಡುತ್ತಿವೆ. ಅದನ್ನು ಬಿಟ್ಟು ಹುಟ್ಟುಹೆಸರು ಹಿಡಿದು ಕರೆಯುವುದು ಮೊದಲ ಪಾಠ. ಆಟದಲ್ಲಿ ಅವನೂ ಆಡುವಂತೆ ನಿಯಮ ಬದಲಿಸುವುದು ಎರಡನೆಯದು. ತಾವೇ ತೀರ್ಮಾನಿಸದೆ ‘ನಿನಗ ಹ್ಯಾಂಗ ಅನುಕೂಲ ಆಗ್ತದ?’ ಎಂದು ಕೇಳುವುದು ಮೂರನೆಯದು.

ಪಿಯುಸಿ, ಪದವಿ ಓದುವವರು ಗ್ರಂಥಾಲಯದಲ್ಲಿ ಈ ಪುಸ್ತಕ ಸಿಕ್ಕರೆ ಗಾತ್ರಕ್ಕೆ ಹೆದರಬೇಕಾಗಿಲ್ಲ. ಕಾದಂಬರಿ ಏಳು ಭಾಗಗಳಲ್ಲಿದೆ. ಶಾಲೆಯ ದಿನಗಳನ್ನು ಹೇಳುವ ಎರಡನೆಯ ಭಾಗವನ್ನು ಮೊದಲು ಓದಬಹುದು. ಕತ್ತಿ ಬಿದ್ದ ಪ್ರಸಂಗ ಇರುವುದು ಅಲ್ಲಿಯೇ.

ಟಾಮ್ ಹಾಸಿಗೆ ಹಿಡಿದಾಗ ಮನೆತುಂಬ ಜನರಿದ್ದರು. ಔಷಧ ಇತ್ತು, ಉಪಚಾರ ಇತ್ತು. ಅವನ ಎದೆಯಲ್ಲಿ ಏನಿದೆ ಎಂದು ಊಹಿಸಿ, ವಿಚಾರಿಸಿ, ಉತ್ತರ ತಂದು ಕಿವಿಯಲ್ಲಿ ಹೇಳಿದವನು ಒಬ್ಬನೇ. ಬೇವಿನ ಕಟ್ಟೆಯ ಮೇಲೆ ಕುಳಿತ ಹುಡುಗನ ಎದೆಯಲ್ಲೂ ಒಂದು ಪ್ರಶ್ನೆ ಇರುತ್ತದೆ. ನಾಳೆ ಬಿಡುವಿನ ಗಂಟೆ ಹೊಡೆದಾಗ ಯಾರಾದರೊಬ್ಬರು ಬಯಲಿಗೆ ಓಡುವ ಮುನ್ನ ಅವನ ಪಕ್ಕ ಕುಳಿತು ಕೇಳಿದರೆ ಸಾಕು.